ಆ ಚಿತ್ರದಲ್ಲಿದ್ದದ್ದು ನಮ್ಮ ನವರಂಗ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆಯ ಬೆಂಗಳೂರು ಪುಟದಲ್ಲಿ ಒಂದು ಬಣ್ಣದ ಚಿತ್ರ ಬಂದಿತ್ತು. ಯಾವುದೋ ಅಪಾರ್ಟ್‌ಮೆಂಟಿನ ಹುಡುಗನ ಅಂಗೈ ಮೇಲೆ ಒಂದು ಪುಟ್ಟ ಹಕ್ಕಿ. ಕೆಳಗೆ ‘ಬಾಲ್ಕನಿಗೆ ಬಂದ ಅಪರೂಪದ ವಿದೇಶಿ ಹಕ್ಕಿ’ ಎಂದು ಬರೆದಿದ್ದೀರಿ. ಮನೆಯವರು ಪಂಜರ ತಂದಿದ್ದಾರೆ, ನೆನೆಸಿದ ಅಕ್ಕಿ ಹಾಕುತ್ತಿದ್ದಾರೆ, ಹಕ್ಕಿ ಎರಡೇ ದಿನದಲ್ಲಿ ಎಲ್ಲರಿಗೂ ಹೊಂದಿಕೊಂಡಿದೆ ಎಂದೂ ಇತ್ತು. ಅದನ್ನು ಓದಿದ ಮೇಲೆ ನನ್ನ ಕೈಯಲ್ಲಿದ್ದ ಸೀರೆ ಆ ದಿನ ಮುಂದೆ ಸಾಗಲಿಲ್ಲ.

ಅದು ವಿದೇಶಿ ಹಕ್ಕಿ ಅಲ್ಲ. ಅದರ ಹೆಸರು ನವರಂಗ. ಅದು ಅಕ್ಕಿ ತಿನ್ನುವ ಹಕ್ಕಿಯೂ ಅಲ್ಲ. ಅದು ಯಾರಿಗೂ ಹೊಂದಿಕೊಂಡಿಲ್ಲ. ಹಾರಲು ಶಕ್ತಿ ಇಲ್ಲದೆ ಕೂತಿದೆ, ಅಷ್ಟೇ. ಇಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಹೋದ ವರ್ಷ ಇದೇ ಜಾತಿಯ ಒಂದು ಹಕ್ಕಿ ನಮ್ಮ ಹಿತ್ತಲಿಗೂ ಬಂದು ಬಿದ್ದಿತ್ತು. ಆಗ ನಾನೂ ಇದೇ ತಪ್ಪು ಮಾಡಿದೆ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಾನಿರುವುದು ಬಸವನಗುಡಿಯಲ್ಲಿ. ಬ್ಯೂಗಲ್ ರಾಕ್‌ಗೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಸೀರೆಗೆ ಫಾಲ್ ಹೊಲಿಯುವುದು, ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. 22 ವರ್ಷದಿಂದ ಇದೇ ಮಾಡುತ್ತಿದ್ದೇನೆ. ಮನೆ ಹಳೆಯದು, ಕೆಳಗಿನ ಭಾಗ ನಮ್ಮದು. ಹಿಂದೆ ಸಣ್ಣ ಹಿತ್ತಲಿದೆ. ಒಂದು ಹಲಸಿನ ಮರ, ಒಂದು ಕರಿಬೇವಿನ ಗಿಡ, ಒಗೆಯುವ ಕಲ್ಲು. ಅದರಾಚೆ ಒಂದು ಖಾಲಿ ಸೈಟು. ಅಲ್ಲಿ ಎರಡು ಹೊಂಗೆ ಮರ ಇವೆ. ಸೈಟಿನ ಪಕ್ಕದಲ್ಲಿ ಈಗ ನಾಲ್ಕು ವರ್ಷದಿಂದ ಒಂದು ಎತ್ತರದ ಕಟ್ಟಡ. ಅದರ ಮೆಟ್ಟಿಲಿನ ಕಡೆಯ ಗೋಡೆ ಪೂರ್ತಿ ಗಾಜು, ರಾತ್ರಿಯೆಲ್ಲ ಒಳಗೆ ದೀಪ ಉರಿಯುತ್ತದೆ.

ಆಯುಧಪೂಜೆ ಕಳೆದು ಒಂದು ವಾರ ಆಗಿತ್ತು. ಹೊಲಿಗೆ ಮಷಿನ್‌ಗೆ ಹಚ್ಚಿದ ಕುಂಕುಮ ಇನ್ನೂ ಹಾಗೇ ಇತ್ತು. ಚಿತ್ತಾ ಮಳೆ ಹಿಡಿದಿತ್ತು. ರಾತ್ರಿ ಯಾವಾಗಲೋ ‘ದಪ್’ ಎಂದು ಸದ್ದು ಕೇಳಿದ ನೆನಪು. ತೆಂಗಿನ ಗರಿ ಬಿದ್ದಿರಬೇಕು ಎಂದು ಮಗ್ಗುಲು ಬದಲಿಸಿದೆ. ಬೆಳಗ್ಗೆ ಆರು ಗಂಟೆಗೆ ಹಿತ್ತಲ ಬಾಗಿಲು ತೆಗೆದರೆ, ಒಗೆಯುವ ಕಲ್ಲಿನ ಪಕ್ಕ, ನೆನೆದ ಹಲಸಿನೆಲೆಗಳ ನಡುವೆ ಏನೋ ಬಣ್ಣಬಣ್ಣದ್ದು ಕಂಡಿತು. ಬ್ಲೌಸ್ ಪೀಸಿನ ತುಂಡು ಗಾಳಿಗೆ ಹಾರಿ ಬಂದಿದೆ ಎಂದು ಬಗ್ಗಿ ಎತ್ತಿಕೊಳ್ಳಲು ಹೋದೆ. ಆಗ ಅದು ಕಣ್ಣು ತೆರೆಯಿತು.

ಗುಬ್ಬಚ್ಚಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು. ಉದ್ದ ಕಾಲು, ದಪ್ಪ ಕೊಕ್ಕು. ಬಾಲ ಯಾರೋ ಕತ್ತರಿಸಿದ ಹಾಗೆ ಚೋಟುದ್ದ. ಮೈಯನ್ನೆಲ್ಲ ಉಬ್ಬಿಸಿಕೊಂಡು ಕೂತಿತ್ತು. ಕಾಂಪೌಂಡ್ ಗೋಡೆಯ ಮೇಲೆ ಆಗಲೇ ಎರಡು ಕಾಗೆ ಬಂದು ಕೂತು ಕತ್ತು ಓರೆ ಮಾಡಿ ನೋಡುತ್ತಿದ್ದವು. ಬೀದಿಯ ಬೆಕ್ಕು ಬರುವ ಹೊತ್ತೂ ಅದೇ. ನಾನು ಸೆರಗನ್ನೇ ಹಾಕಿ ಅದನ್ನು ಎತ್ತಿಕೊಂಡೆ. ಅದು ಒದ್ದಾಡಲಿಲ್ಲ. ಎದೆ ಮಾತ್ರ ಪಟಪಟ ಎಂದು ಬಡಿದುಕೊಳ್ಳುತ್ತಿತ್ತು. ನಿಮ್ಮ ಚಿತ್ರದಲ್ಲಿ ಹುಡುಗನ ಅಂಗೈ ಮೇಲೆ ಸುಮ್ಮನೆ ಕೂತಿತ್ತಲ್ಲ, ಹಾಗೇ ಕೂತಿತ್ತು. ನೋಡುವವರಿಗೆ ಪಳಗಿದ ಹಾಗೆ ಕಾಣುತ್ತದೆ. ಕಾಡಿನ ಹಕ್ಕಿ ಕೈಗೆ ಬಂದು ಸುಮ್ಮನೆ ಕೂತರೆ ಅದು ಪೆಟ್ಟಿನಲ್ಲಿದೆ, ಇಲ್ಲವೇ ಭಯದಲ್ಲಿದೆ ಎಂದರ್ಥ. ಇದು ನನಗೆ ಆಮೇಲೆ ಗೊತ್ತಾಯಿತು.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ ‘ಅಯ್ಯೋ, ಪಿಟ್ಟ!’ ಎಂದರು. ಅವರ ಮನೆಮಾತು ತೆಲುಗು. ತೆಲುಗಿನಲ್ಲಿ ಪಿಟ್ಟ ಎಂದರೆ ಹಕ್ಕಿ. ಅವರು ಸುಮ್ನೆ ಹಕ್ಕಿ ಎಂದು ಹೇಳಿದ್ದು. ಆದರೆ ಇಂಗ್ಲಿಷಿನವರೂ ಇದನ್ನು ಇಂಡಿಯನ್ ಪಿಟ್ಟಾ ಎಂದೇ ಕರೆಯುತ್ತಾರೆ. ಆ ಹೆಸರು ಹೋಗಿರುವುದು ತೆಲುಗಿನಿಂದಲೇ. ಸಂಪಾದಕರೇ, ನೀವು ವಿದೇಶಿ ಎಂದು ಬರೆದ ಹಕ್ಕಿಗೆ ವಿದೇಶದವರು ನಮ್ಮ ಪಕ್ಕದ ಮನೆ ಅಜ್ಜಿಯ ಭಾಷೆಯ ಹೆಸರು ಇಟ್ಟುಕೊಂಡಿದ್ದಾರೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಪಾಪ, ಬಾಯಾರಿರಬೇಕು ಎಂದು ಚಮಚದಲ್ಲಿ ನೀರು ತಂದು ಅದರ ಕೊಕ್ಕು ಬಿಡಿಸಿ ಬಿಡಲು ಹೋದೆ. ಎದುರಿಗೆ ಒಂದು ಹಿಡಿ ಅಕ್ಕಿನುಚ್ಚು ಹಾಕಿದೆ. ಅಷ್ಟರಲ್ಲಿ ಮೂರ್ನಾಲ್ಕು ಜನ ಸೇರಿದರು. ಎಲ್ಲರ ಕೈಯಲ್ಲೂ ಫೋನು. ಒಬ್ಬರು ‘ಇದು ಫಾರಿನ್ ಹಕ್ಕಿ, ಯಾರದೋ ಪಂಜರದಿಂದ ತಪ್ಪಿಸಿಕೊಂಡಿದೆ, ಕೊಡಿ, ಒಳ್ಳೆ ರೇಟು ಸಿಗುತ್ತೆ’ ಎಂದರು. ಕೊಟ್ಟುಬಿಡುತ್ತಿದ್ದೆನೋ ಏನೋ. ಆಗ ಮಹಡಿ ಮೇಲೆ ಬಾಡಿಗೆಗಿರುವ ಹುಡುಗಿ ಕೆಳಗೆ ಬಂದಳು. ಎಂಎಸ್ಸಿ ಓದುತ್ತಾಳೆ. ಭಾನುವಾರ ಬೆಳಗ್ಗೆ ಕೊರಳಿಗೆ ದುರ್ಬೀನು ಹಾಕಿಕೊಂಡು ಲಾಲ್‌ಬಾಗ್ ಕಡೆ ಹೋಗುವವಳು. ‘ಆಂಟಿ, ನೀರು ಹಾಕಬೇಡಿ, ಶ್ವಾಸಕೋಶಕ್ಕೆ ಹೋಗಿ ಸತ್ತುಹೋಗುತ್ತೆ. ಒಂದು ಡಬ್ಬ ಕೊಡಿ, ಬೇಗ’ ಎಂದಳು.

ದಾರದ ಕೋನ್‌ಗಳು ಬರುವ ರಟ್ಟಿನ ಡಬ್ಬ ನನ್ನಲ್ಲಿ ಯಾವಾಗಲೂ ಇರುತ್ತದೆ. ದಬ್ಬಣ ತೆಗೆದುಕೊಂಡು ಸುತ್ತಲೂ ತೂತು ಮಾಡಿದೆ. ತಳಕ್ಕೆ ಹಳೆಯ ಪಂಚೆ ಮಡಿಸಿ ಹಾಕಿದೆ. ಅವಳು ಹಕ್ಕಿಯ ಎರಡೂ ರೆಕ್ಕೆ ನೋಡಿದಳು. ಜೋತು ಬಿದ್ದಿರಲಿಲ್ಲ, ರಕ್ತ ಇರಲಿಲ್ಲ. ಒಳಗಿಟ್ಟು ಮುಚ್ಚಳ ಹಾಕಿ, ದೇವರ ಮನೆಯ ಪಕ್ಕದ ಕತ್ತಲೆ ಮೂಲೆಯಲ್ಲಿ ಇಟ್ಟೆವು. ಊಟ ಬೇಡ, ನೀರು ಬೇಡ, ಇಣುಕುವುದು ಬೇಡ ಎಂದಳು. ಇಣುಕದೆ ಇರುವುದು ನನಗೆ ಬಹಳ ಕಷ್ಟವಾಯಿತು. ಅರ್ಧ ಗಂಟೆಗೊಮ್ಮೆ ಎದ್ದು ಡಬ್ಬಕ್ಕೆ ಕಿವಿ ಇಡುತ್ತಿದ್ದೆ. ಸದ್ದೇ ಇರಲಿಲ್ಲ.

ಮಧ್ಯಾಹ್ನ ಅವಳು ಮತ್ತೆ ಬಂದಾಗ ಕಾಫಿ ಕೊಟ್ಟು ಕೇಳಿದೆ, ಇದು ಬಂದಿದ್ದಾದರೂ ಎಲ್ಲಿಂದ ಎಂದು. ಅವಳು ಹೇಳಿದ್ದು ಕೇಳಿ ನನ್ನ ಕೈ ನಿಂತುಹೋಯಿತು. ಹಿಮಾಲಯದ ತಪ್ಪಲಿನ ಕಾಡು, ಮಧ್ಯ ಭಾರತದ ಗುಡ್ಡಗಳು, ಪಶ್ಚಿಮ ಘಟ್ಟದಲ್ಲಿ ನಮ್ಮ ಕರ್ನಾಟಕದವರೆಗೆ ಇದು ಗೂಡು ಕಟ್ಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ, ಮುಂಗಾರಿನಲ್ಲಿ. ಒಣಗಿದ ಎಲೆ, ಹುಲ್ಲು ಸೇರಿಸಿ ಚೆಂಡಿನ ಹಾಗೆ ಗುಂಡನೆಯ ಗೂಡು, ಪಕ್ಕಕ್ಕೆ ಒಂದು ಬಾಗಿಲು. ಬಿಳಿ ಮೊಟ್ಟೆ ನಾಲ್ಕೈದು, ಅದರ ಮೇಲೆ ನೇರಳೆ ಚುಕ್ಕಿ. ಮರಿ ದೊಡ್ಡದಾದ ಮೇಲೆ, ಚಳಿ ಶುರುವಾಗುವ ಮುಂಚೆ, ದಕ್ಷಿಣಕ್ಕೆ ಹೊರಡುತ್ತವೆ. ಕೆಲವು ನಮ್ಮ ಕಡೆಯ ಕಾಡುಗಳಲ್ಲಿ ಉಳಿಯುತ್ತವೆ. ಕೆಲವು ಸಮುದ್ರ ದಾಟಿ ಶ್ರೀಲಂಕಾಕ್ಕೂ ಹೋಗುತ್ತವೆ. ಹಾರುವುದು ರಾತ್ರಿ ಹೊತ್ತು. ಡೆಹ್ರಾಡೂನ್ ಕಡೆಯಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ ಸುಮಾರು 1,900 ಕಿಲೋಮೀಟರ್ ಆಗುತ್ತದೆ. ಹಕ್ಕಿಯ ತೂಕ 50–60 ಗ್ರಾಂ. ಒಂದು ಕೋಳಿಮೊಟ್ಟೆಯ ತೂಕ! ಅಷ್ಟು ದೂರ ಬಂದು, ಮಳೆಮೋಡದ ರಾತ್ರಿಯಲ್ಲಿ ಕೆಳಗಿಳಿಯುವಾಗ ದೀಪ ಉರಿಯುವ ಗಾಜಿನ ಗೋಡೆ ಎದುರಾಗುತ್ತದೆ. ನಾನು ರಾತ್ರಿ ಕೇಳಿದ ಸದ್ದು ತೆಂಗಿನ ಗರಿಯದ್ದಲ್ಲ.

ನವರಂಗ ಎಂದರೆ ಬೆಂಗಳೂರಿನವರಿಗೆ ರಾಜಾಜಿನಗರದ ಚಿತ್ರಮಂದಿರ, ಆ ಸರ್ಕಲ್ಲು ನೆನಪಾಗುತ್ತದೆ. ದೇವಸ್ಥಾನಕ್ಕೆ ಹೋಗುವವರಿಗೆ ಗರ್ಭಗುಡಿಯ ಮುಂದಿನ ಮಂಟಪ. ಹಕ್ಕಿಗೆ ಯಾಕೆ ಈ ಹೆಸರು ಎಂದು ನೋಡಿಯೇಬಿಡೋಣ ಎನಿಸಿತು. ಬಣ್ಣ ಹೊಂದಿಸುವುದು ನನ್ನ ದಿನದ ಕೆಲಸ ತಾನೇ? ಅದನ್ನು ಎತ್ತಿಕೊಂಡಾಗ ಕಂಡದ್ದನ್ನೆಲ್ಲ ನೆನಪಿಸಿಕೊಂಡು ದಾರದ ಡಬ್ಬ ತೆಗೆದು ಕೂತೆ. ಬೆನ್ನಿಗೆ ಬಲಿತ ಮಾವಿನೆಲೆ ಹಸಿರು. ಭುಜದ ಮೇಲೆ ಒಂದು ತುಂಡು, ಬಾಲದ ಮೇಲ್ಗಡೆ ಒಂದು ತುಂಡು ಹೊಳೆಯುವ ಆನಂದ ನೀಲಿ. ಎದೆಗೆ ಬಿಸ್ಕತ್ ಬಣ್ಣ. ಹೊಟ್ಟೆಯ ಕೆಳಗಿನಿಂದ ಬಾಲದ ಬುಡದವರೆಗೆ ಅಪ್ಪಟ ಕುಂಕುಮ. ಗಂಟಲು ಬಿಳಿ, ಹುಬ್ಬೂ ಬಿಳಿ. ಕಣ್ಣಿಗೆ ಕಾಡಿಗೆ ಎಳೆದ ಹಾಗೆ ಕಪ್ಪು ಪಟ್ಟಿ. ನೆತ್ತಿಗೆ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ, ಅದರ ನಡುವೆ ಬೈತಲೆ ತೆಗೆದ ಹಾಗೆ ಒಂದು ಕಪ್ಪು ಗೆರೆ. ಕೊಕ್ಕು ಹುಣಸೆ ಬೀಜದ ಬಣ್ಣ. ಕಾಲಿಗೆ ಸೀರೆ ಅಂಗಡಿಯವರು ಆನಿಯನ್ ಪಿಂಕ್ ಎನ್ನುತ್ತಾರಲ್ಲ, ಅದು. ಎಣಿಸಿದರೆ ಒಂಬತ್ತೇ ಬಂತು. ಆ ಒಂಬತ್ತು ದಾರ ಸೇರಿಸಿ ಒಂದು ಕುಚ್ಚು ಕಟ್ಟಿದೆ. ಅದು ಈಗಲೂ ನನ್ನ ಮಷಿನ್‌ನ ಹಿಡಿಕೆಗೆ ನೇತಾಡುತ್ತಿದೆ.

ನಾಲ್ಕು ಗಂಟೆಗೆ ಡಬ್ಬದೊಳಗೆ ಸರಸರ ಶುರುವಾಯಿತು. ಆಮೇಲೆ ಒದೆಯತೊಡಗಿತು. ಆ ಸದ್ದು ಕೇಳಿ ಆದ ಸಂತೋಷ ಹೇಳತೀರದು. ಐದೂವರೆಗೆ ನಾನು, ಆ ಹುಡುಗಿ, ನನ್ನ ಮೊಮ್ಮಗಳು ಮೂವರೂ ಡಬ್ಬ ತೆಗೆದುಕೊಂಡು ಖಾಲಿ ಸೈಟಿಗೆ ಹೋದೆವು. ಹೊಂಗೆ ಮರದ ಕೆಳಗೆ ಎಲೆ ರಾಶಿ ಬಿದ್ದು ನೆನೆದಿತ್ತು. ಡಬ್ಬವನ್ನು ಓರೆಯಾಗಿಟ್ಟು ಮುಚ್ಚಳ ತೆಗೆದು ದೂರ ನಿಂತೆವು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಎರಡು ಕುಪ್ಪಳಿಸು ಕುಪ್ಪಳಿಸಿ ಹೊರಗೆ ಬಂತು. ನಿಂತಿತು. ಮೈ ಕೊಡವಿತು. ನೋಡುತ್ತಿದ್ದ ಹಾಗೇ ಮಾಯವಾಯಿತು!

ಅದು ಹಾರಿಹೋಗಿರಲಿಲ್ಲ. ಅಲ್ಲೇ ಇತ್ತು. ನಮ್ಮ ಕಡೆ ಬೆನ್ನು ಮಾಡಿ ನಿಂತಿತ್ತು, ಅಷ್ಟೇ. ಬೆನ್ನಿನ ಹಸಿರು, ನೆತ್ತಿಯ ಕಂದು ಎಲೆ ರಾಶಿಯಲ್ಲಿ ಕಲಸಿಹೋಗುತ್ತದೆ. ಕೆಂಪು ಇರುವುದು ಹೊಟ್ಟೆಯ ಅಡಿಯಲ್ಲಿ, ಮೇಲಿಂದ ನೋಡುವ ಗಿಡುಗಕ್ಕೆ ಕಾಣುವುದಿಲ್ಲ. ಹಾರಿದಾಗ ಮಾತ್ರ ನೀಲಿ, ಕೆಂಪು, ರೆಕ್ಕೆಯ ಬಿಳಿ ಚುಕ್ಕೆ ಎಲ್ಲ ಒಮ್ಮೆಲೇ ಫಳ್ ಎನ್ನುತ್ತದೆ. ಇಳಿದ ತಕ್ಷಣ ಮತ್ತೆ ಎಲೆಯೊಳಗೆ ಎಲೆ. ರೇಷ್ಮೆ ಸೀರೆಯ ಮಡಿಕೆ ಬಿಚ್ಚಿ ಮುಚ್ಚಿದ ಹಾಗೆ.

ಅಂದು ರಾತ್ರಿಯೇ ಮುಂದೆ ಹೊರಟುಹೋಗುತ್ತದೆ ಎಂದುಕೊಂಡಿದ್ದೆವು. ಹೋಗಲಿಲ್ಲ. ಒಂಬತ್ತು ದಿನ ಆ ಸೈಟಿನಲ್ಲೇ ಇತ್ತು. ದಾರಿಯಲ್ಲಿ ಹೀಗೆ ಇಳಿದು, ತಿಂದು, ಮೈ ಸರಿಮಾಡಿಕೊಂಡು ಮುಂದೆ ಹೋಗುತ್ತವಂತೆ. ಹಿತ್ತಲ ಮೆಟ್ಟಿಲ ಮೇಲೆ ಕೂತರೆ ನನಗೆ ಅದು ಕಾಣುತ್ತಿತ್ತು. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಹೊಲಿಗೆ ಬಿಟ್ಟು ಕೂರುತ್ತಿದ್ದೆ.

ಅದು ನಡೆಯುವುದಿಲ್ಲ, ಕುಪ್ಪಳಿಸುತ್ತದೆ. ನಾಲ್ಕು ಕುಪ್ಪಳಿಸು, ಆಮೇಲೆ ಕಲ್ಲಿನ ಹಾಗೆ ನಿಲ್ಲುವುದು. ನಿಂತಾಗ ಆ ಮೋಟು ಬಾಲ ಮಾತ್ರ ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತಿರುತ್ತದೆ. ತಲೆ ಓರೆ ಮಾಡಿ ನೆಲ ನೋಡುತ್ತದೆ. ಕೊಕ್ಕಿನಿಂದ ಎಲೆಯನ್ನು ಎತ್ತಿ ಪಕ್ಕಕ್ಕೆ ಎಸೆಯುತ್ತದೆ. ಇನ್ನೊಂದು ಎಲೆ, ಮತ್ತೊಂದು ಎಲೆ. ನಾನು ಬ್ಲೌಸ್ ಪೀಸಿನ ಗಂಟಿನಲ್ಲಿ ಬೇಕಾದ ಬಣ್ಣ ಹುಡುಕುವಾಗ ಹೀಗೇ ಒಂದೊಂದೇ ತೆಗೆದು ಬದಿಗಿಡುತ್ತೇನೆ. ಅಡಿಯಲ್ಲಿ ಗೆದ್ದಲು, ಇರುವೆ, ಜೀರುಂಡೆ ಏನಿದ್ದರೂ ಆಗುತ್ತದೆ. ಎರೆಹುಳು ಸಿಕ್ಕರೆ ಹಿಂದಕ್ಕೆ ವಾಲಿ, ಶಾವಿಗೆ ಎಳೆದ ಹಾಗೆ ಎಳೆಯುತ್ತದೆ. ನಾನು ಹಾಕಿದ್ದ ಅಕ್ಕಿನುಚ್ಚನ್ನು ಅದು ಮೂಸಿಯೂ ನೋಡಿರಲಿಲ್ಲ ಯಾಕೆ ಎಂದು ಆಗ ಅರ್ಥವಾಯಿತು. ಬೆಕ್ಕು ಬಂದರೆ ಸದ್ದಿಲ್ಲದೆ ಮೇಲಿನ ಕೊಂಬೆಗೆ ಹೋಗಿ ಕೂರುತ್ತಿತ್ತು. ರಾತ್ರಿ ಮಲಗುವುದೂ ಮರದ ಮೇಲೆಯೇ. ಹಗಲೆಲ್ಲ ನೆಲ.

ಅದು ಕೂಗುವುದನ್ನು ಮೂರನೇ ದಿನ ಕೇಳಿದೆ. ಸಂಜೆ ದೀಪ ಹಚ್ಚುವ ಹೊತ್ತು. ಒಂದು ದೊಡ್ಡ ಸಿಳ್ಳೆ, ಎರಡು ಸ್ವರದ್ದು, ‘ವ್ಹೀಟ್‌ ಟ್ಯೂ’ ಎಂದು. ಯಾರೋ ಹುಡುಗರು ಹೊಡೆದದ್ದು ಎಂದುಕೊಂಡೆ. ನೋಡಿದರೆ ಇದು, ಹೊಂಗೆಯ ತಗ್ಗು ಕೊಂಬೆಯ ಮೇಲೆ ನಿಂತು, ತಲೆಯನ್ನು ಹಿಂದಕ್ಕೆ ಹಾಕಿ, ಕೊಕ್ಕು ಆಕಾಶಕ್ಕೆ ಎತ್ತಿ ಕೂಗುತ್ತಿದೆ. ಗಂಟಲಿನ ಬಿಳಿ ಪೂರ್ತಿ ಕಾಣುತ್ತಿತ್ತು. ಮರುದಿನ ಬೆಳಗ್ಗೆ ಆರಕ್ಕೆ ಮತ್ತೆ. ಗಾಂಧಿ ಬಜಾರಿನಲ್ಲಿ ನಾನು ಹೂವು ಕೊಳ್ಳುವ ಅಕ್ಕನಿಗೆ ಹೇಳಿದರೆ ಅವರು ನಕ್ಕು, ‘ನಮ್ಮ ಊರ ಕಡೆ ಅದಕ್ಕೆ ಆರುಮಣಿ ಕುರುವಿ ಅಂತಾರೆ, ಆರು ಗಂಟೆ ಹಕ್ಕಿ’ ಎಂದರು. ಅವರು ತಮಿಳಿನವರು. ಬೆಳಗ್ಗೆ ಆರು, ಸಂಜೆ ಆರು ಎಂದರೆ ಅದು ಕೂಗುವ ಹೊತ್ತು. ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದೇನೆ. ಸಂಜೆ 6.05, 6.02, 6.08. ಸರಿಯಾಗೇ ಹೆಸರಿಟ್ಟಿದ್ದಾರೆ ಅಲ್ವಾ?

ಶ್ರೀಲಂಕಾದಲ್ಲಿ ಇದಕ್ಕೊಂದು ಕತೆಯೇ ಇದೆಯಂತೆ. ನವರಂಗದ ಚಂದದ ಉಡುಪನ್ನು ನವಿಲು ಕದ್ದುಕೊಂಡು ಹೋಯಿತು, ಅದಕ್ಕೇ ಈ ಹಕ್ಕಿ ಇನ್ನೂ ದೂರು ಹೇಳುತ್ತಾ ಕೂಗುತ್ತಿದೆ ಎಂದು. ಮೊಮ್ಮಗಳಿಗೆ ಈ ಕತೆ ಹೇಳಿದಾಗ ಅವಳು ನವಿಲಿನ ಮೇಲೆ ಸಿಟ್ಟು ಮಾಡಿಕೊಂಡು, ನವರಂಗಕ್ಕೆ ಉದ್ದ ಬಾಲ ಹಾಕಿ ಚಿತ್ರ ಬರೆದಳು. ಲಿನೇಯಸ್ ಎಂಬ ಸ್ವೀಡನ್ನಿನ ವಿಜ್ಞಾನಿ 1766ರಲ್ಲಿ ಇದಕ್ಕೆ ಶಾಸ್ತ್ರದ ಹೆಸರು ಕೊಟ್ಟಾಗಲೂ ಬಾಲದ ಮಾತೇ ಬಂದಿದೆ. ಆಗ ಇದನ್ನು ಕಾಗೆಯ ಗುಂಪಿಗೆ ಸೇರಿಸಿ, ಮೋಟು ಬಾಲದ್ದು ಎಂಬ ಅರ್ಥ ಬರುವ ಹೆಸರಿಟ್ಟಿದ್ದರು. ಗೋಡೆಯ ಮೇಲೆ ಕಾದು ಕೂತಿದ್ದ ಆ ಎರಡು ಕಾಗೆಗಳ ನೆಂಟ ಎಂದು ನಾನಂತೂ ಒಪ್ಪುವುದಿಲ್ಲ. ಆಮೇಲಿನವರೂ ಒಪ್ಪಲಿಲ್ಲ, ಬೇರೆ ಗುಂಪೇ ಮಾಡಿದರು.

ಹತ್ತನೇ ದಿನ ಬೆಳಗ್ಗೆ ನಾನು ಹಿತ್ತಲಿಗೆ ಬರುವಷ್ಟರಲ್ಲಿ ಸೈಟಿನಿಂದ ಹೊಗೆ ಏಳುತ್ತಿತ್ತು. ದೀಪಾವಳಿ ಹತ್ತಿರ ಬಂತು, ಹಾವು ಹುಳ ಸೇರುತ್ತವೆ, ಕ್ಲೀನ್ ಮಾಡಿಸುತ್ತಿದ್ದೇವೆ ಎಂದರು. ಎಲೆಯನ್ನೆಲ್ಲ ಗುಡಿಸಿ ಒಂದೇ ರಾಶಿ ಮಾಡಿ ಬೆಂಕಿ ಇಟ್ಟಿದ್ದರು. ಹಸಿ ಎಲೆ, ಮಧ್ಯಾಹ್ನದವರೆಗೆ ಹೊಗೆಯಾಡಿತು. ನೆಲ ಬೋಳಾಗಿತ್ತು. ಅವತ್ತು ಸಂಜೆ ಆರಕ್ಕೆ ನಾನು ಮೆಟ್ಟಿಲ ಮೇಲೆ ಕೂತಿದ್ದೆ. ಏಳು ಗಂಟೆಯವರೆಗೂ ಕೂತಿದ್ದೆ. ಕೂಗು ಬರಲಿಲ್ಲ. ಆ ಹುಡುಗಿ ‘ಮುಂದೆ ಹೋಗಿರುತ್ತೆ ಆಂಟಿ, ಹೋಗುವ ಹೊತ್ತೂ ಆಗಿತ್ತು’ ಎಂದಳು. ಹಾಗೇ ಆಗಿರಲಿ.

ಸೈಟು ಚೊಕ್ಕ ಮಾಡಿಸಿದವರನ್ನು ನಾನು ಬೈಯುವುದಿಲ್ಲ. ನಾನೂ ವರ್ಷಾನುವರ್ಷ ಹಲಸಿನೆಲೆ ಗುಡಿಸಿ ಬೆಂಕಿ ಹಾಕಿದವಳೇ. ಹಂಡೆಯ ಒಲೆಗೂ ತುಂಬುತ್ತಿದ್ದೆವು. ಬಿದ್ದ ಎಲೆ ನಮಗೆ ಕಸ. ಆ ಒಂಬತ್ತು ದಿನ ನೋಡಿದ ಮೇಲೆ ನನಗೆ ಅದು ಕಸವಾಗಿ ಕಾಣುವುದಿಲ್ಲ. ನೆನೆದ ಎಲೆಯ ಕೆಳಗೆ ಹುಳ, ಹುಳಕ್ಕಾಗಿ ಹಕ್ಕಿ. ಎಲೆ ಇಲ್ಲದ ಸಿಮೆಂಟು ಅಂಗಳದಲ್ಲಿ ನವರಂಗ ಇಳಿದರೆ ತಿನ್ನಲು ಏನೂ ಇಲ್ಲ. ಎಲೆ ಸುಡುವುದಕ್ಕೆ ದಂಡವೂ ಇದೆ. ಬಯಲಿನಲ್ಲಿ ಕಸ ಸುಡಬಾರದು ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ದೇಶಕ್ಕೆಲ್ಲ ಆದೇಶ ಮಾಡಿದೆ. ಸಣ್ಣದಾಗಿ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000. ದಂಡದ ಮಾತು ಹಾಗಿರಲಿ, ಹಿತ್ತಲಿನ ಒಂದು ಮೂಲೆಯಲ್ಲಿ, ಮರದ ಬುಡದಲ್ಲಿ ಎಲೆಯನ್ನು ಹಾಗೇ ಬಿಟ್ಟರೆ ಸಾಕು. ನಾನು ಬಿಟ್ಟಿದ್ದೇನೆ. ಹಾವು ಬಂದಿಲ್ಲ. ಹಲಸಿನ ಬುಡ ಬೇಸಿಗೆಯಲ್ಲೂ ತಂಪಾಗಿತ್ತು.

ಗಾಜಿನ ಕಟ್ಟಡದ ವಿಷಯಕ್ಕೆ ಬಂದರೆ, ಅದರ ಅಸೋಸಿಯೇಷನ್ನಿನವರ ಹತ್ತಿರ ನಾನೇ ಹೋಗಿ ಮಾತಾಡಿದೆ. ಹೋಗುವಾಗ ಕಾಲು ನಡುಗುತ್ತಿತ್ತು. ಅವರು ಕೂರಿಸಿ ಕೇಳಿದರು. ಮೆಟ್ಟಿಲಿನ ದೀಪಕ್ಕೆ ಜನ ಓಡಾಡಿದಾಗ ಮಾತ್ರ ಹತ್ತುವ ಸ್ವಿಚ್ ಹಾಕಿಸಿದರು. ಟೆರೇಸಿನ ದೊಡ್ಡ ದೀಪವನ್ನು ಅಕ್ಟೋಬರ್, ನವೆಂಬರ್ ಎರಡು ತಿಂಗಳು ರಾತ್ರಿ ಹತ್ತಕ್ಕೆ ಆರಿಸುತ್ತೇವೆ ಎಂದು ಒಪ್ಪಿದ್ದಾರೆ. ಕರೆಂಟ್ ಬಿಲ್ಲೂ ಉಳಿಯುತ್ತದೆ ಎಂದು ಅವರೇ ಹೇಳಿದರು. ಇಷ್ಟು ಸುಲಭವಾಗಿ ಆಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಸಂಪಾದಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇದು. ಪ್ರತಿ ವರ್ಷ ಮಹಾಲಯ ಅಮಾವಾಸ್ಯೆ ಕಳೆಯುತ್ತಿದ್ದ ಹಾಗೆ ನಿಮ್ಮ ಬೆಂಗಳೂರು ಪುಟದಲ್ಲಿ ನವರಂಗದ ಚಿತ್ರ ಹಾಕಿ. ಈ ಹಕ್ಕಿ ನಿಮ್ಮ ಮನೆಗೆ ಬಂದು ಬಿದ್ದರೆ ಹೀಗೆ ಮಾಡಿ ಎಂದು ನಾಲ್ಕು ಸಾಲು ಬರೆಯಿರಿ. ಕಾಗೆ, ಬೆಕ್ಕಿನಿಂದ ಕಾಪಾಡಿ ರಟ್ಟಿನ ಡಬ್ಬದಲ್ಲಿ ಇಡಿ, ಗಾಳಿಗೆ ತೂತು ಇರಲಿ, ಕತ್ತಲೆ ಇರಲಿ. ತಿನ್ನಿಸಬೇಡಿ, ಕುಡಿಸಬೇಡಿ, ಫೋಟೋಕ್ಕೆ ಕೈ ಮೇಲೆ ಕೂರಿಸಬೇಡಿ. ಕೆಲವು ಗಂಟೆಯಲ್ಲಿ ಚೇತರಿಸಿಕೊಂಡರೆ ಹತ್ತಿರದಲ್ಲೇ, ಮರ ಮತ್ತು ಎಲೆ ಇರುವ ಕಡೆ ಬಿಡಿ. ರೆಕ್ಕೆ ಜೋತಿದ್ದರೆ, ರಕ್ತ ಬರುತ್ತಿದ್ದರೆ, ಸಂಜೆಯವರೆಗೂ ಮಂಕಾಗೇ ಇದ್ದರೆ ವನ್ಯಜೀವಿ ಆಸ್ಪತ್ರೆಗೆ ಒಯ್ಯಿರಿ. ಉತ್ತರಹಳ್ಳಿ ಕೆಂಗೇರಿ ರಸ್ತೆಯಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನವರ ಆಸ್ಪತ್ರೆ ಇದೆ. ಇದನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ, ಜೈಲು ಶಿಕ್ಷೆಯೂ ಆಗಬಹುದು ಎಂಬ ಮಾತನ್ನೂ ಸೇರಿಸಿ. ನಮ್ಮ ಹಸಿರು ಗಿಳಿಗೂ ಇದೇ ಕಾಯ್ದೆ. ಎಷ್ಟೋ ಒಳ್ಳೆಯ ಮನೆಗಳಲ್ಲಿ ಇದು ಗೊತ್ತಿಲ್ಲದೆಯೇ ಗಿಳಿ ಸಾಕುತ್ತಿದ್ದಾರೆ.

ಆ ಹುಡುಗನ ಮನೆಯವರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಪಂಜರ ತಂದಿದ್ದಾರೆ. ಚಿತ್ರದಲ್ಲಿ ಹುಡುಗನ ಮುಖ ನೋಡಿದರೇ ಗೊತ್ತಾಗುತ್ತದೆ. ಅವನಿಗೆ ಈ ಹಕ್ಕಿ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಹೇಳಿದರೆ ಅವನೇ ಬಾಗಿಲು ತೆಗೆಯುತ್ತಾನೆ ಎಂದು ನನಗೆ ನಂಬಿಕೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಇವು ಇದೇ ದಾರಿಯಲ್ಲಿ ವಾಪಸ್ ಉತ್ತರಕ್ಕೆ ಹೋಗುತ್ತವೆ ಎಂಬುದನ್ನೂ ಅವನಿಗೆ ಹೇಳಿ.

ನನ್ನ ಪತ್ರ ಅಚ್ಚಾಗುವುದು ತಡವಾದರೂ ಪರವಾಗಿಲ್ಲ. ಆದರೆ ಆ ಮನೆಯ ನಂಬರ್ ನಿಮ್ಮ ವರದಿಗಾರರ ಬಳಿ ಇರುತ್ತದೆ. ದಯವಿಟ್ಟು ಇವತ್ತೇ ಫೋನ್ ಮಾಡಿಸಿ. ಇಷ್ಟು ದಿನ ಅಕ್ಕಿ ನೋಡಿಕೊಂಡು ಕೂತ ಹಕ್ಕಿ ಸೊರಗಿರುತ್ತದೆ, ನೇರವಾಗಿ ಬಿಡುವುದು ಬೇಡ, ಮೊದಲು ಆಸ್ಪತ್ರೆಗೆ ತೋರಿಸಲಿ. ಪಂಜರ ಬೇಡ, ಡಬ್ಬದಲ್ಲಿ ಒಯ್ಯಲಿ. ಡಬ್ಬ ಇಲ್ಲದಿದ್ದರೆ ನನ್ನ ಬಳಿ ಇದೆ, ತೂತು ಮಾಡಿಯೇ ಇಟ್ಟಿದ್ದೇನೆ.

ವಂದನೆಗಳೊಂದಿಗೆ,
ಕುಚ್ಚು ಕಟ್ಟುವ ಒಬ್ಬ ಓದುಗಾರ್ತಿ
ಬಸವನಗುಡಿ, ಬೆಂಗಳೂರು